ಹದಿನೇಳು ಸಲ ‘ಹೌದು, ಇದ್ದೇನೆ’ ಒತ್ತಿದ್ದು ನಾನು

ಸಂಧಾನಕಾರರ ನೋಂದಣಿ ಮಂಡಳಿಯ ತರಬೇತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

‘ಗಮನವಿಟ್ಟು ಆಲಿಸುವ ಕಲೆ’ಗೆ ಭಾಗ ಒಂದು ಸಾಲದೆಂದು ಭಾಗ ಎರಡನ್ನೂ ಮಂಜೂರು ಮಾಡಿದ ಮಾನ್ಯರೇ,

ಮುರಿಯುತ್ತಿರುವ ಮನೆಗಳ ಗಂಡ ಹೆಂಡಿರ ನಡುವೆ ಹತ್ತೊಂಬತ್ತು ವರ್ಷ ಕೂತು ಎದ್ದಿರುವ ಒಬ್ಬ ಕುಟುಂಬ ಸಂಧಾನಕಾರರ ನೋಂದಣಿಯನ್ನು ತಾವು ಕಳೆದ ತಿಂಗಳು ಅಮಾನತಿನಲ್ಲಿಟ್ಟಿದ್ದೀರಿ. ಪ್ರತಿ ವರ್ಷ ಮಾಡಲೇಬೇಕಾದ ಇಪ್ಪತ್ತನಾಲ್ಕು ಗಂಟೆಗಳ ‘ನಿರಂತರ ವೃತ್ತಿ ಅಭಿವೃದ್ಧಿ’ಯಲ್ಲಿ ಕೊನೆಯ ಎರಡು ಗಂಟೆಗಳನ್ನು ಅವರು ಮೋಸದಿಂದ ಪಡೆದರು ಎಂಬುದು ಕಾರಣ. ಮೋಸ ನಡೆದದ್ದು ನಿಜ. ಮಾಡಿದ್ದು ಅವರಲ್ಲ, ನಾನು. ಅವರು ನನ್ನ ಚಿಕ್ಕಮ್ಮ. ನಾನು ಮೊದಲ ವರ್ಷದ ಪದವಿಯಲ್ಲಿರುವವಳು. ಸಂಧಾನ ಎಂದರೇನೆಂದು ನನಗೆ ಗೊತ್ತಿಲ್ಲ, ಆದರೆ ತಮ್ಮ ದಾಖಲೆಗಳ ಪ್ರಕಾರ ಅದರಲ್ಲಿ ನಾನು ಐದಕ್ಕೆ ಐದು.

ಇದನ್ನು ಬಹಿರಂಗ ಪತ್ರವಾಗಿ ಬರೆದು ಊರಿಗೆಲ್ಲ ಡಂಗುರ ಸಾರುವ ಬದಲು ಕಚೇರಿಗೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಲು ಹೊರಟೆ, ಮಾನ್ಯರೇ. ನಿಮ್ಮ ಪೋರ್ಟಲಿನಲ್ಲಿ ‘ನಿಮ್ಮ ಅಹವಾಲು’ ಎಂಬ ಒಂದು ಪೆಟ್ಟಿಗೆ ಇದೆ. ಅದರಲ್ಲಿ ಇನ್ನೂರು ಅಕ್ಷರ ಹಿಡಿಸುತ್ತದೆ. ‘ಮಾನ್ಯರೇ, ನಡೆದದ್ದೇನೆಂದರೆ’ ಎಂದು ಪೀಠಿಕೆ ಹಾಕಿ ಕ್ಷಮೆ ಕೇಳುವಷ್ಟರಲ್ಲಿ ಜಾಗ ಮುಗಿದು, ನನ್ನ ತಪ್ಪು ಪೆಟ್ಟಿಗೆಯ ಹೊರಗೆ ಉಳಿಯಿತು. ಆಮೇಲೆ ಸಹಾಯವಾಣಿಗೆ ಫೋನ್ ಮಾಡಿದೆ. ಮೂರನೇ ದಿನ ಒಬ್ಬರು ಎತ್ತಿದರು.

“ಏನು ಸಮಸ್ಯೆ?”

“ಸಮಸ್ಯೆ ಅಲ್ಲ ಸರ್, ನಾನೊಂದು ತಪ್ಪು ಮಾಡಿದೀನಿ.”

“ಪಾಸ್‌ವರ್ಡ್ ತಪ್ಪು ಹಾಕಿದ್ರಾ?”

“ಅಲ್ಲ ಸರ್. ಬೇರೆಯವರ ಬದಲು ನಾನು ಕೂತು ಟ್ರೇನಿಂಗ್ ಮುಗಿಸಿದೀನಿ.”

ಆ ಕಡೆ ಒಂದು ನಿಟ್ಟುಸಿರು. “ನೋಡಮ್ಮ, ನನ್ನ ಹತ್ರ ಇರೋದು ನಾಲ್ಕೇ ಬಟನ್ನು. ಪಾಸ್‌ವರ್ಡ್ ಮರೆತಿದೆ, ಪ್ರಮಾಣಪತ್ರ ಇಳೀತಿಲ್ಲ, ವಿಡಿಯೊ ನಿಂತಿದೆ, ಇತರೆ. ಇತರೆಗೆ ಹಾಕಿದ್ರೆ ಆರು ತಿಂಗಳು ಯಾರೂ ತೆಗೆದು ನೋಡಲ್ಲ. ವಿಡಿಯೊ ನಿಂತಿದೆ ಅಂತ ಹಾಕ್ಲಾ? ಅದು ಎರಡು ದಿನಕ್ಕೆ ಕ್ಲೋಸ್ ಆಗುತ್ತೆ.”

ನಿಮ್ಮ ಇಡೀ ಕಚೇರಿಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳಿದವರು ಅವರೊಬ್ಬರೇ. ದಯವಿಟ್ಟು ಅವರನ್ನು ಪತ್ತೆ ಹಚ್ಚಿ ತರಬೇತಿಗೆ ಕಳಿಸಬೇಡಿ.

ಈಗ ನಡೆದದ್ದು. ನನ್ನ ಕಾಲೇಜು ಚಿಕ್ಕಮ್ಮನ ಊರಿನಲ್ಲಿದೆ. ವಾರವೆಲ್ಲ ಹಾಸ್ಟೆಲು, ಶುಕ್ರವಾರ ಸಂಜೆ ಅವರ ಮನೆ. ನಿಮ್ಮ ತರಬೇತಿ ವರ್ಷದ ಕೊನೆಯ ದಿನ ಒಂದು ಶನಿವಾರ. ಇಪ್ಪತ್ತೆರಡು ಗಂಟೆಗಳನ್ನು ಚಿಕ್ಕಮ್ಮ ಆಗಲೇ ಮುಗಿಸಿದ್ದರು, ಅದೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ, ಶಾಲೆಯ ಹುಡುಗಿಯ ಹಾಗೆ ಮುಖ್ಯ ಮಾತುಗಳಿಗೆ ಅಡಿಗೆರೆ ಎಳೆಯುತ್ತ. ಬಾಕಿ ಇದ್ದದ್ದು ಎರಡು ಗಂಟೆಯ ಒಂದೇ ವಿಡಿಯೊ, ಆಲಿಸುವ ಕಲೆಯ ಎರಡನೇ ಭಾಗ. ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಐದು ನಿಮಿಷ ಆಗಿರಲಿಲ್ಲ, ಸಂಧಾನ ಕೇಂದ್ರದಿಂದ ಫೋನು. ಅವರು ಎದ್ದು ಚೀಲ ಹುಡುಕತೊಡಗಿದರು.

“ಪಿಟೀಲು, ಅದನ್ನ ಮುಚ್ಚಿಬಿಡೇ. ಬಂದು ಮೊದಲಿಂದ ನೋಡ್ತೀನಿ.” ಸದಾ ಗೊಣಗುತ್ತ, ಆಗದ್ದಕ್ಕೆಲ್ಲ ಹೆದರುತ್ತ ಇರುತ್ತೇನೆಂದು ಅವರು ನನಗೆ ಇಟ್ಟಿರುವ ಹೆಸರು ಅದು.

“ಐದು ಗಂಟೆಗೆ ಪೋರ್ಟಲ್ ಕ್ಲೋಸ್ ಅಂತ ಇದೆ ಚಿಕ್ಕಮ್ಮ. ಇವತ್ತು ಲಾಸ್ಟ್ ಡೇಟು.”

“ಆಗಲಿ ಬಿಡು. ನಾಲ್ಕು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದೇ ಇದ್ದವರು ಇವತ್ತು ಅವರಾಗೇ ಬಂದು ಒಂದೇ ಬೆಂಚಲ್ಲಿ ಕೂತಿದ್ದಾರಂತೆ. ಇದಕ್ಕೆ ಲಾಸ್ಟ್ ಡೇಟ್ ಇರಲ್ವೇನೇ?”

ಅವರ ಚಪ್ಪಲಿಯ ಸದ್ದು ಇನ್ನೂ ಮೆಟ್ಟಿಲ ಮೇಲಿತ್ತು. ಪರದೆಯ ಮೇಲೆ ಕಿಟಕಿಯೊಂದು ತೆರೆದುಕೊಂಡಿತು: ‘ನೀವು ಇನ್ನೂ ಇದ್ದೀರಾ?’ ಮೂವತ್ತು ಸೆಕೆಂಡಿನೊಳಗೆ ‘ಹೌದು, ಇದ್ದೇನೆ’ ಒತ್ತದಿದ್ದರೆ ವಿಡಿಯೊ ಮೊದಲಿಗೆ ಹೋಗುತ್ತದೆ. ನಾನು ಒತ್ತಿದೆ.

ಒತ್ತುವಾಗ ನನಗೆ ಅದು ಅಪರಾಧ ಅನ್ನಿಸಲೇ ಇಲ್ಲ ಎಂದರೆ ತಾವು ನಂಬಬೇಕು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಸಂಜೆಯ ಹಾಜರಿಯಲ್ಲಿ, ಸ್ನಾನಕ್ಕೆ ಹೋದವಳ ಪರವಾಗಿ ದನಿ ಬದಲಿಸಿ ‘ಯೆಸ್ ಮಿಸ್’ ಅನ್ನುವುದು ಅಲ್ಲಿ ಮೋಸವಲ್ಲ, ನೆರೆಹೊರೆಯ ಧರ್ಮ. ಅನ್ನದವಳನ್ನು ಮೂರು ದಿನ ಯಾರೂ ಮಾತಾಡಿಸುವುದಿಲ್ಲ. ಇನ್ನೊಂದು ನಿಯಮವೂ ಇದೆ: ಪ್ರಾಕ್ಸಿ ಕೊಟ್ಟವಳು ಅದನ್ನು ಹೇಳಿಕೊಂಡು ತಿರುಗುವುದಿಲ್ಲ. ಉಪಕಾರ ಮಾಡಿ ಎಣಿಸಬಾರದು ಎನ್ನುತ್ತಾರಲ್ಲ, ಹಾಗೆ. ಈ ಎರಡು ನಿಯಮಗಳನ್ನು ನಾನು ಅವತ್ತು ಚಾಚೂ ತಪ್ಪದೆ ಪಾಲಿಸಿದೆ. ಪರಿಣಾಮ ತಮ್ಮ ಮುಂದಿದೆ.

ನಿಮ್ಮ ವಿಡಿಯೊವನ್ನು ನಾನು ಪೂರ್ತಿ ನೋಡಿದ್ದೇನೆ. ಬಹುಶಃ ಅದನ್ನು ಪೂರ್ತಿ ನೋಡಿದ ಕೆಲವೇ ಮಂದಿಯಲ್ಲಿ ನಾನೊಬ್ಬಳು. ಕೋಟು ಹಾಕಿಕೊಂಡ ಸಜ್ಜನರೊಬ್ಬರು ಹೂಕುಂಡದ ಪಕ್ಕ ಕೂತು, ಮಾತಾಡುವವರನ್ನು ನಡುವೆ ತಡೆಯಬಾರದು ಎಂದು ಎರಡು ಗಂಟೆ ಹೇಳುತ್ತಾರೆ. ಅವರು ಹಾಗೆ ಹೇಳುತ್ತಿರುವಾಗ ಏಳು ನಿಮಿಷಕ್ಕೊಮ್ಮೆ ನಿಮ್ಮ ಕಿಟಕಿ ಅವರ ಮುಖದ ಮೇಲೆ ಬಂದು ಕೂರುತ್ತದೆ. ಒಟ್ಟು ಹದಿನೇಳು ಸಲ. ಪ್ರತಿ ಸಲವೂ ಆ ಪಾಪದ ಮನುಷ್ಯ ಬಾಯಿ ಅರ್ಧ ತೆರೆದುಕೊಂಡು ನನ್ನ ಅಪ್ಪಣೆಗಾಗಿ ಕಾದರು. ಕೊನೆಗೆ ಐದು ಪ್ರಶ್ನೆ. ಒಂದು ನೆನಪಿದೆ: ಎದುರಿನ ವ್ಯಕ್ತಿ ಅಳುತ್ತಿದ್ದರೆ ಸಂಧಾನಕಾರರು ಗಡಿಯಾರ ನೋಡಬೇಕೇ, ಕೋಣೆಯಿಂದ ಹೊರಗೆ ಹೋಗಬೇಕೇ, ಸಮಯ ಕೊಡಬೇಕೇ, ಅಥವಾ ಮೇಲಿನ ಎಲ್ಲವೂ? ಬಹಳ ಯೋಚಿಸಿ ಮೂರನೆಯದನ್ನು ಆರಿಸಿದೆ. ರೂಮಿನ ಫ್ಯಾನನ್ನು ಒಂದಕ್ಕಿಡಬೇಕೋ ಮೂರಕ್ಕಿಡಬೇಕೋ ಎಂಬ ಜಗಳವನ್ನು ಇಡೀ ಸೆಮಿಸ್ಟರು ಬಗೆಹರಿಸಲಾಗದ ನನಗೆ, ಕುಟುಂಬಗಳನ್ನು ಸಂಭಾಳಿಸಲು ಬೇಕಾದ ಅರ್ಹತೆಯಲ್ಲಿ ಹನ್ನೆರಡನೇ ಒಂದು ಪಾಲು ಬಂದುಬಿಟ್ಟಿತು. ಸಂಜೆಗೆ ಚೀಲ ಹೆಗಲಿಗೇರಿಸಿ ಹಾಸ್ಟೆಲಿಗೆ ಹೊರಟುಹೋದೆ. ಚಿಕ್ಕಮ್ಮ ಇನ್ನೂ ಬಂದಿರಲಿಲ್ಲ. ಒಂದಾದ ಮೇಲೊಂದರಂತೆ ಮೂರು ಕುಟುಂಬಗಳ ಜೊತೆ ಕೂತು, ಅವರು ಮನೆ ಸೇರಿದ್ದು ಆರೂವರೆಗೆ.

ಈಗ ತಮ್ಮ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಅವತ್ತು ಚಿಕ್ಕಮ್ಮ ಆ ದಂಪತಿಗಳ ಎದುರು ಕೂತು ಮೂರೂವರೆ ಗಂಟೆ ಅವರ ಮಾತು ಕೇಳಿದರು. ತಮ್ಮ ಪಟ್ಟಿಯಲ್ಲಿ ಅದು ಸೊನ್ನೆ. ಅದೇ ಕೋಣೆಯ ಮೂಲೆಯಲ್ಲಿ ಒಬ್ಬ ಕಿರಿಯ ಸಂಧಾನಕಾರರು ಕೂತು, ಚಿಕ್ಕಮ್ಮ ಹೇಗೆ ಕೇಳುತ್ತಾರೆ ಎಂದು ನೋಡುತ್ತಿದ್ದರು. ಅದಕ್ಕೆ ‘ವೀಕ್ಷಣೆ’ ಎಂಬ ಹೆಸರಿನಲ್ಲಿ ಮೂರೂವರೆ ಗಂಟೆ ಸಿಕ್ಕಿತು. ಅಂದರೆ ಅಡುಗೆ ಮಾಡಿದವಳು ಉಪವಾಸ, ಒಲೆಯ ಕಡೆ ನೋಡಿದವರಿಗೆ ಊಟ. ಈ ನಿಯಮವನ್ನು ಬರೆದವರು ಯಾರು, ಅವರು ಎಂದಾದರೂ ಆ ಕೋಣೆಯೊಳಗೆ ಹೋಗಿದ್ದಾರೆಯೇ, ಹೋಗಿದ್ದರೆ ಯಾವ ಕುರ್ಚಿಯಲ್ಲಿ ಕೂತಿದ್ದರು ಎಂದು ತಿಳಿಯುವ ಕುತೂಹಲ ನನಗೆ.

ತರಬೇತಿಯೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಹಾಗೆ ಒಂದು ಸಲ ಅಂದಿದ್ದಕ್ಕೆ ಚಿಕ್ಕಮ್ಮನೇ ಬೈದರು. “ಹತ್ತೊಂಬತ್ತು ವರ್ಷದ ಅನುಭವ ಅಂದ್ರೆ ಏನೇ? ಹತ್ತೊಂಬತ್ತು ವರ್ಷ ಒಂದೇ ತಪ್ಪನ್ನ ಮಾಡ್ತಾ ಬಂದಿರಬಹುದು. ಯಾರಾದ್ರೂ ಹೊರಗಿನವರು ಹೇಳ್ಬೇಕು.” ಮಕ್ಕಳ ಎದುರು ಯಾವ ಪ್ರಶ್ನೆ ಕೇಳಬಾರದು ಎಂಬ ನಿಮ್ಮದೇ ಒಂದು ಪಾಠ ನೋಡಿ, ಎಷ್ಟೋ ವರ್ಷ ಕೇಳುತ್ತಿದ್ದ ಒಂದು ಪ್ರಶ್ನೆಯನ್ನು ಅವರು ಬಿಟ್ಟಿದ್ದಾರೆ. ಹಾಗಾಗಿ ಕಲಿಯುವುದರ ಬಗ್ಗೆ ನನ್ನ ತಕರಾರಿಲ್ಲ. ಕಲಿತರೋ ಇಲ್ಲವೋ ಎಂದು ತಾವು ಯಾರನ್ನು ಕೇಳುತ್ತೀರಿ ಎಂಬುದರ ಬಗ್ಗೆ ಇದೆ. ತಾವು ಕೇಳುವುದು ಬಟನ್ನನ್ನು.

ಹಾಗಾದರೆ ನಮ್ಮ ಕಳ್ಳತನ ಹೇಗೆ ಸಿಕ್ಕಿಬಿತ್ತು? ತಮ್ಮ ಯಂತ್ರದ ಜಾಣತನದಿಂದ ಅಲ್ಲ. ಚಿಕ್ಕಮ್ಮ ಸೋಮವಾರ ಬೆಳಿಗ್ಗೆ ಎದ್ದವರೇ ತಮಗೊಂದು ಅರ್ಜಿ ಬರೆದರು: ‘ಶನಿವಾರ ತುರ್ತು ಸಂಧಾನವಿದ್ದ ಕಾರಣ ಕೊನೆಯ ಎರಡು ಗಂಟೆ ಪೂರೈಸಲಾಗಲಿಲ್ಲ, ಹದಿನೈದು ದಿನ ಕಾಲಾವಕಾಶ ಕೊಡಬೇಕು.’ ತಮ್ಮ ಕಚೇರಿಯವರು ಪೋರ್ಟಲ್ ತೆರೆದು ನೋಡಿದರೆ ಅವರದು ಪೂರ್ಣ, ಹಸಿರು ಗುರುತಿನ ಸಮೇತ. ಕೇಂದ್ರದ ಹಾಜರಿ ಪುಸ್ತಕ ತರಿಸಿ ನೋಡಿದರೆ ಅದೇ ಹೊತ್ತಿಗೆ ಅವರು ಅಲ್ಲಿ. ಮಾನ್ಯರೇ, ಒಂದು ಮಾತು ಕೇಳುತ್ತೇನೆ. ಮೋಸದಿಂದ ಹಾಜರಿ ಹಾಕಿಸಿಕೊಂಡ ಯಾವ ಮನುಷ್ಯ ಪ್ರಾಣಿ, ಎರಡೇ ದಿನಕ್ಕೆ ‘ನಾನು ಗೈರುಹಾಜರಾಗಿದ್ದೆ, ದಯವಿಟ್ಟು ಗಮನಿಸಿ’ ಎಂದು ಅರ್ಜಿ ಕೊಡುತ್ತದೆ? ನಮ್ಮ ಹಾಸ್ಟೆಲಿನ ಅತಿ ದಡ್ಡ ಹುಡುಗಿಗೂ ಹೊಳೆಯುವ ಈ ಸಂಗತಿ ತಮ್ಮ ಮೂವರು ಸದಸ್ಯರ ಸಮಿತಿಗೆ ಹೊಳೆಯಲಿಲ್ಲ. ಅವರು ಅದನ್ನು ‘ಪರಸ್ಪರ ವಿರುದ್ಧ ಹೇಳಿಕೆ’ ಎಂದು ಬರೆದರು.

ಆ ಶನಿವಾರದಿಂದ ಹದಿಮೂರನೇ ದಿನ ನೋಟಿಸು ಬಂತು, ಅಮಾನತಿನ ಜೊತೆಗೇ. ಅದು ಶುಕ್ರವಾರ, ನಾನು ಅಲ್ಲೇ ಇದ್ದೆ. ನೀರು ಕುಡಿಯಲು ಹೋಗಿ ಲೋಟ ಬೀಳಿಸಿ, ಎಲ್ಲವನ್ನೂ ಹೇಳಿಬಿಟ್ಟೆ. ಚಿಕ್ಕಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿಯೊಂದನ್ನು ಎಳೆದು, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ ಹಾಕಿಕೊಂಡು ಕೂತರು. ಕೇಂದ್ರದಲ್ಲಿ ಹಾಗೇ ಕೂರುತ್ತಾರಂತೆ. ನಾನು ಅಳು ಮುಗಿಸುವ ತನಕ ಕಾದು, ಒಂದೇ ಪ್ರಶ್ನೆ ಕೇಳಿದರು.

“ಇದನ್ನ ಆ ಕಡೆ ಹೇಳಬಹುದಾ?”

ಅದು ಅವರ ವೃತ್ತಿಯ ಮಾತು. ಗಂಡನನ್ನು ಬೇರೆ ಕೋಣೆಯಲ್ಲಿ, ಹೆಂಡತಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳುವಾಗ, ಈ ಕೋಣೆಯ ಮಾತು ಆ ಕೋಣೆಗೆ ಹೋಗಬೇಕಾದರೆ ಹೇಳಿದವರ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದ ಮಾತು ಅವರ ಹೊಟ್ಟೆಯಲ್ಲೇ ಇರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವರು ಮನೆಗೆ ಒಂದು ಕೇಸಿನ ಒಂದು ಮಾತನ್ನೂ ತಂದವರಲ್ಲ. ನನಗೋ ಕಣ್ಣ ಮುಂದೆ ಕಾಲೇಜಿನ ನಿಯಮಾವಳಿ ಬಂತು: ಇನ್ನೊಬ್ಬರ ಹೆಸರಿನಲ್ಲಿ ಪರೀಕ್ಷೆಗೆ ಕೂತರೆ ಡಿಬಾರ್, ಹಾಸ್ಟೆಲ್ ಸೀಟು ರದ್ದು. ಐದು ಪ್ರಶ್ನೆಯದೂ ಪರೀಕ್ಷೆಯೇ ಅಲ್ಲವೇ?

“ಬೇಡ ಚಿಕ್ಕಮ್ಮ,” ಅಂದೆ.

“ಸರಿ,” ಅಂದರು. ಎದ್ದು ಒಡೆದ ಲೋಟದ ಚೂರು ಗುಡಿಸಿದರು. ಇನ್ನೊಂದು ಸಲ ಕೇಳುತ್ತಾರೆ, ಆಗ ಹೂಂ ಅನ್ನೋಣ ಎಂದು ನಾನು ಕಾದೆ. ಅವರು ಮತ್ತೆ ಕೇಳಲೇ ಇಲ್ಲ. ಒತ್ತಾಯ ಮಾಡಬಾರದಂತೆ, ಅದೂ ನಿಯಮ.

ವಿಚಾರಣೆಯಲ್ಲಿ ನಡೆದದ್ದು ತಮ್ಮ ಆದೇಶದ ಎರಡನೇ ಪುಟದಲ್ಲಿದೆ. ಪರದೆಯ ಮುಂದೆ ನೀವಿದ್ದಿರಾ? ‘ಇರಲಿಲ್ಲ.’ ಯಾರಿದ್ದರು? ‘ಹೇಳಲು ನನಗೆ ಅನುಮತಿ ಇಲ್ಲ.’ ಇಷ್ಟಕ್ಕೆ ಸಮಿತಿ ‘ಅಸಹಕಾರ’ ಎಂದು ಷರಾ ಬರೆಯಿತು. ಗುಟ್ಟು ಕಾಯುವುದು ಸಂಧಾನಕಾರರ ಮೊದಲ ಗುಣ ಎಂದು ನಿಮ್ಮ ಮೂರನೇ ಪಾಠದಲ್ಲಿ ಇದೆಯಂತೆ. ಪಾಠವನ್ನು ಅವರು ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸಿದರು. ಅಂಕ ಹಾಕುವ ಬದಲು ತಾವು ಅವರನ್ನು ಹೊರಗೆ ಹಾಕಿದಿರಿ.

ಇಲ್ಲಿಯವರೆಗೆ ಇದು ನಮ್ಮ ಮನೆಯ ಕಥೆ. ನೋಟಿಸು ಬಂದ ಹದಿನೈದು ದಿನಕ್ಕೆ, ಆ ಶನಿವಾರ ಒಂದೇ ಬೆಂಚಲ್ಲಿ ಕೂತಿದ್ದ ದಂಪತಿಗಳಲ್ಲಿ ಹೆಂಡತಿ ಮನೆ ಹುಡುಕಿಕೊಂಡು ಬಂದರು. ಅವರು ಆಸ್ಪತ್ರೆಯಲ್ಲಿ ನರ್ಸು, ಗಂಡ ನಗರದ ಬಸ್ಸಿನ ಚಾಲಕ, ಎಂಟು ವರ್ಷದ ಒಬ್ಬಳು ಮಗಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತರು.

“ಅಮಾನತಾಗಿದೆ ಅಮ್ಮ. ನಿಮ್ಮ ಹತ್ರ ನಾನು ಮಾತಾಡೋ ಹಾಗಿಲ್ಲ.”

“ಮಾತಾಡಬೇಡಿ ಮೇಡಂ. ಸುಮ್ನೆ ಕೂತು ಕೇಳಿ ಸಾಕು.”

“ಕೇಳೋ ಹಾಗೂ ಇಲ್ಲ.”

ಚಿಕ್ಕಮ್ಮ ಒಂದು ಲೋಟ ನೀರು ತಂದು ಕೊಟ್ಟು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಆ ನರ್ಸಮ್ಮ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಮನೆಯಲ್ಲಿ ಆಲಿಸಲು ಯಾವ ನಿರ್ಬಂಧವೂ ಇಲ್ಲದಿದ್ದವಳು ನಾನೊಬ್ಬಳೇ.

ಅವರು ಹೇಳಿದ್ದನ್ನು ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ, ಅಷ್ಟು ಕಲಿತಿದ್ದೇನೆ. ಆ ಶನಿವಾರ ಇಬ್ಬರ ಡ್ಯೂಟಿ ಪಟ್ಟಿಯನ್ನೂ ಮೇಜಿನ ಮೇಲೆ ಹರಡಿಕೊಂಡು, ಮಗು ಯಾವ ದಿನ ಯಾರ ಹತ್ತಿರ, ಶಾಲೆಯಿಂದ ಕರೆತರುವುದು ಯಾರು ಎಂಬುದೆಲ್ಲ ಬಾಯಿಮಾತಿನಲ್ಲಿ ತೀರ್ಮಾನವಾಗಿತ್ತು. ಚಾಲಕರಿಗೆ ಎರಡು ಗಂಟೆಯ ಬಸ್ಸು ತೆಗೆಯಬೇಕಿದ್ದರಿಂದ ಬರೆದು ಸಹಿ ಹಾಕುವುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡರು. ಹದಿನಾಲ್ಕನೇ ದಿನ ಆ ಭೇಟಿ. ಹದಿಮೂರನೇ ದಿನ ತಮ್ಮ ನೋಟಿಸು. ಕೇಸು ಹೊಸಬರಿಗೆ ಹೋಯಿತು. ಅವರು ಕೆಟ್ಟವರಲ್ಲ, ತರಬೇತಿಯ ಗಂಟೆಗಳು ಮೂವತ್ತೊಂದು ಇವೆ. ಆದರೆ ಹಳಬರ ಟಿಪ್ಪಣಿ ನೋಡುವಂತಿಲ್ಲ, ಮೊದಲಿನಿಂದ ಶುರು ಮಾಡಬೇಕು ಎಂಬುದು ನಿಯಮ. ಹಾಗಾಗಿ ಅವರು ಕೇಳಿದರು: ‘ನಿಮ್ಮ ನಡುವೆ ಮನಸ್ತಾಪ ಎಲ್ಲಿಂದ ಶುರುವಾಯಿತು?’

“ಅದನ್ನ ಮತ್ತೆ ಕೆದಕಿದ್ರಲ್ಲ,” ಅಂದರು ನರ್ಸಮ್ಮ. “ಮೇಡಂ ಹತ್ರ ಅದನ್ನೆಲ್ಲ ಒಂದು ಸಲ ಕಕ್ಕಿ ಮುಗಿಸಿದ್ವಿ. ಗಾಯ ಒಣಗಿತ್ತು. ಮತ್ತೆ ಪಟ್ಟಿ ಬಿಚ್ಚಿ ತೋರಿಸಿ ಅಂದ್ರೆ ಯಾರಿಗೆ ರಕ್ತ ಬರಲ್ಲ? ಅವರಮ್ಮ ಅಂದಿದ್ದು ನಾನು ಎತ್ತಿದೆ, ನನ್ನಣ್ಣ ಹೊಡೆದಿದ್ದು ಅವರು ಎತ್ತಿದ್ರು. ಎರಡು ಸಲ ಕೂತ್ವಿ, ಎರಡು ಸಲನೂ ಅಲ್ಲೇ ನಿಂತ್ವಿ. ಈಗ ಕೋರ್ಟಿಗೇ ಹೋಗ್ತೀನಿ ಅಂತಿದ್ದಾರೆ. ಇನ್ನೆರಡು ವಾರ ಬಿಟ್ಟು ಸೋಮವಾರ ಅರ್ಜಿಯಂತೆ.”

“ಮಗು?” ಅಂದೆ.

ಅವರು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. “ಮಂಗಳವಾರ ಅವರು ಕರ್ಕೊಂಡು ಬರ್ತಾರೆ ಅಂತ ನಾನು, ನಾನು ಅಂತ ಅವರು. ಬರೆದಿದ್ದು ಇಲ್ವಲ್ಲ. ಐದೂಮುಕ್ಕಾಲು ತನಕ ವಾಚ್‌ಮನ್ ರೂಮಲ್ಲಿ ಕೂತಿದ್ಲು. ಹೋಮ್‌ವರ್ಕ್ ಎಲ್ಲ ಮಾಡಿ ಮುಗಿಸಿದ್ಲು. ಯಾಕೆ ಲೇಟು ಅಂತ ಕೂಡ ಕೇಳಲಿಲ್ಲ ನನ್ನ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ಪಡೆದಿದ್ದೇವೆ. ಕರುವಿಗೂ ಬರೆ ಬೀಳಬಹುದು ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ. ಹಾಸ್ಟೆಲಿಗೆ ಬಂದು ರೂಮ್‌ಮೇಟಿಗೆ ಹೇಳಿದೆ. ಅವಳು ಹೊದಿಕೆಯಿಂದ ಮುಖ ಮಾತ್ರ ಹೊರಗೆ ಹಾಕಿ, “ನೀನು ಸುಮ್ನಿದ್ರೆ ಮುಳುಗೋದು ಒಬ್ಬರು, ಬಾಯಿ ಬಿಟ್ರೆ ಇಬ್ಬರು. ಮ್ಯಾತ್ಸ್ ನೀನೇ ಮಾಡ್ಕೋ,” ಅಂದಳು. ನಾನು ಮಾಡಿಕೊಂಡೆ. ಅವಳ ಲೆಕ್ಕದಲ್ಲಿ ಎಂಟು ವರ್ಷದವಳು ಸೇರಿರಲಿಲ್ಲ.

ಆದ್ದರಿಂದ ಮಾನ್ಯರೇ, ಹೇಳಬಹುದು. ಇಪ್ಪತ್ತೆರಡು ದಿನ ತಡವಾಗಿ ನನ್ನ ಒಪ್ಪಿಗೆ ಕೊಡುತ್ತಿದ್ದೇನೆ. ಇದರ ಪ್ರತಿಯನ್ನು ನಿನ್ನೆ ನಮ್ಮ ಪ್ರಾಂಶುಪಾಲರಿಗೂ ಕೊಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ನಾಳೆ ಬಾ, ಯೋಚನೆ ಮಾಡ್ಬೇಕು,” ಅಂದಿದ್ದಾರೆ. ಚಿಕ್ಕಮ್ಮನಿಗೆ ತೋರಿಸಿಲ್ಲ. ತೋರಿಸಿದ್ದರೆ ತಮ್ಮನ್ನು ಚುಚ್ಚಿರುವ ಸಾಲುಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ಆ ಅಧಿಕಾರಿಗೂ ಏನೋ ಕಷ್ಟ ಇರುತ್ತೆ ಕಣೇ ಅಂದುಬಿಡುತ್ತಿದ್ದರು. ಇರಬಹುದು. ಇದ್ದರೆ ತಮ್ಮ ಪೆಟ್ಟಿಗೆಯಲ್ಲಿ ಇನ್ನೂರು ಅಕ್ಷರಕ್ಕೆ ಮೀರದಂತೆ ಬರೆದು ತಿಳಿಸಿ.

ನನ್ನ ಬೇಡಿಕೆ ಇಷ್ಟು. ಆದೇಶದಲ್ಲಿ ‘ಯಾರೋ’ ಎಂದಿರುವಲ್ಲಿ ನನ್ನನ್ನು ಬರೆದುಕೊಳ್ಳಿ. ‘ಅಸಹಕಾರ’ ಎಂಬ ಷರಾ ತೆಗೆಯಿರಿ. ಆ ಎರಡು ಗಂಟೆಯನ್ನು ಅಳಿಸಿಹಾಕಿ, ಅವರು ಕೇಳಿದ್ದ ಹದಿನೈದು ದಿನದ ಕಾಲಾವಕಾಶ ಕೊಡಿ. ಹೂಕುಂಡದ ಸಜ್ಜನರನ್ನು ಅವರೇ ಕೂತು ನೋಡುತ್ತಾರೆ, ಅಡಿಗೆರೆಯನ್ನೂ ಎಳೆಯುತ್ತಾರೆ. ಕೋಣೆಯೊಳಗೆ ನಿಜವಾಗಿ ಕೆಲಸ ಮಾಡಿದ್ದನ್ನು, ಅನುಭವಿಯೊಬ್ಬರು ನೋಡಿ ತಪ್ಪು ಒಪ್ಪು ಹೇಳುವಂತಾದರೆ, ಗಂಟೆಗಳಲ್ಲಿ ಸೇರಿಸುವ ಬಗ್ಗೆ ತಮ್ಮ ಮುಂದಿನ ಸಭೆಯಲ್ಲಿ ಬಿಸ್ಕತ್ತು ಬರುವ ಮೊದಲು ಚರ್ಚಿಸಿ. ಇವೆಲ್ಲಕ್ಕೆ ತಿಂಗಳು ಹಿಡಿದರೂ ಸರಿಯೇ.

ಆದರೆ ಒಂದಕ್ಕೆ ಹಿಡಿಯಬಾರದು. ನಿಯಮ ಏಳರಲ್ಲಿ, ಅಮಾನತಿನಲ್ಲಿರುವವರು ಮುಕ್ತಾಯದ ಹಂತದ ಒಂದು ಭೇಟಿಯನ್ನು ಮಾತ್ರ ಮುಗಿಸಲು ಮುಖ್ಯಾಧಿಕಾರಿ ಅನುಮತಿ ಕೊಡಬಹುದು ಎಂದಿದೆ. ನಾನು ಹುಡುಕಿ ಓದಿದ್ದೇನೆ. ನರ್ಸಮ್ಮ ಬರುತ್ತೇನೆಂದಿದ್ದಾರೆ. ಚಾಲಕರನ್ನು ಬಸ್ಸಿನಲ್ಲೇ ಹೋಗಿ ಕೇಳಿದೆ. ಕೊನೆಯ ಸ್ಟಾಪಿನಲ್ಲಿ ಎಂಜಿನ್ ನಿಲ್ಲಿಸಿ, ರಸ್ತೆ ನೋಡುತ್ತಲೇ, “ಆ ಮೇಡಂ ಆದ್ರೆ ಬರ್ತೀನಿ,” ಅಂದರು. ಅರ್ಧ ಗಂಟೆ ಸಾಕು. ಶುಕ್ರವಾರದೊಳಗೆ ತಮ್ಮ ಒಂದು ಸಹಿ ಬೇಕು. ಸೋಮವಾರ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಆ ಇಬ್ಬರೂ ಇಳಿಯುವುದು ಯಾವ ವರ್ಷವೋ, ಮಗಳು ಅಷ್ಟೊತ್ತಿಗೆ ಯಾವ ಕ್ಲಾಸಿನಲ್ಲಿರುತ್ತಾಳೋ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಕಚೇರಿಗೆ ಬರುತ್ತೇನೆ. ಒಳಗೆ ಕರೆಯುವ ತನಕ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನನಗೆ ಏನು ಶಿಕ್ಷೆ ಎಂಬುದನ್ನು ಆಮೇಲೆ, ನಿಧಾನವಾಗಿ, ಸಮಿತಿ ಮಾಡಿಕೊಂಡು ಯೋಚಿಸಿ. ಮೊದಲು ಆ ಸಹಿ.

ಇಂತಿ,
ಆಲಿಸುವ ಕಲೆಯಲ್ಲಿ ಪೂರ್ಣಾಂಕ ಪಡೆದು,
ಹೇಳುವ ಧೈರ್ಯದಲ್ಲಿ ಇಪ್ಪತ್ತೆರಡು ದಿನ ಫೇಲಾಗಿದ್ದ,
ಮೊದಲ ವರ್ಷದ ವಿದ್ಯಾರ್ಥಿನಿ